ಉಪ್ಪು ಹಾಕದ ಹಿಟ್ಟು

ಜೋಶೂ ಸೀಮೆಯ ಹೆಂಗಸರು ಗಂಡಂದಿರನ್ನು ಬೆರಳ ತುದಿಯಲ್ಲಿ ಕುಣಿಸುತ್ತಾರೆ ಎಂದು ಸುತ್ತಲಿನ ಸೀಮೆಗಳವರು ಆಡಿಕೊಳ್ಳುವುದು ಇಂದು ನಿನ್ನೆಯದಲ್ಲ. ಆಡಿಕೊಳ್ಳಲಿ. ರೇಷ್ಮೆಹುಳ ಸಾಕಿ, ಗೂಡು ಬೇಯಿಸಿ, ನೂಲು ತೆಗೆದು ಮನೆಗೆ ನಾಲ್ಕು ಕಾಸು ತರುವವಳು ಹೆಂಗಸಾದ ಮೇಲೆ ಮಾತಿಗೆ ತೂಕ ಅವಳಿಗಲ್ಲದೆ, ಬಿಸಿಲಲ್ಲಿ ಕೂತು ತಂಬಾಕು ಸೇದುವವನಿಗೆ ಬರುತ್ತದೆಯೇ? ಆದರೆ ಹಾಗೆ ಆಡಿಕೊಳ್ಳುವವರಿಗೆ ಒಂದು ವಿಷಯ ಗೊತ್ತಿಲ್ಲ. ಆ ದರ್ಬಾರು ಅತ್ತೆಯದು, ಸೊಸೆಯದಲ್ಲ. ಸೊಸೆಯ ಪಾಲಿಗೆ ಬರುವುದು ದುಡಿಮೆ ಮಾತ್ರ. ದರ್ಬಾರು ಬರಬೇಕಾದರೆ ಅತ್ತೆ ಕಣ್ಣು ಮುಚ್ಚಬೇಕು, ಇಲ್ಲವೇ ತಾನಾಗಿ ಸೌಟು ಕೈಬಿಡಬೇಕು. ತಾನಾಗಿ ಕೈಬಿಟ್ಟ ಅತ್ತೆಯನ್ನು ನಾನಂತೂ ನೋಡಿಲ್ಲ.

ಹಿಸನೊ ಎರಡು ಗುಡ್ಡದಾಚೆಯ ಹಳ್ಳಿಯಿಂದ ಯಸೊಜಿಯ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಇಪ್ಪತ್ತು ವರ್ಷ. ಎತ್ತರದ ಹೆಂಗಸು, ಅಗಲವಾದ ಕೈ. ಅತ್ತೆ ಇಶಿ ಅವಳ ಭುಜದವರೆಗೂ ಬರುತ್ತಿರಲಿಲ್ಲ. ಆದರೆ ಇಶಿ ಕೆಮ್ಮಿದರೆ ಹಿತ್ತಲಿನ ಕೋಳಿಯೂ ಸುಮ್ಮನಾಗುತ್ತಿತ್ತು. ಮಾವ ಯಸೊಜಿ ಒಳ್ಳೆಯವನು. ಒಳ್ಳೆಯವನಾಗಿರಲು ಅವನಿಗೆ ಬೇಕಾದಷ್ಟು ಪುರುಸೊತ್ತೂ ಇತ್ತು. ಮೊದಲ ಚಳಿಗಾಲದಲ್ಲೇ ಇಶಿ ಸೊಸೆಯನ್ನು ನೂಲಿನ ರಾಟೆಯ ಮುಂದೆ ಕೂರಿಸಿದಳು. ಕುದಿಯುವ ನೀರಿನಲ್ಲಿ ತೇಲುವ ಗೂಡುಗಳ ಎಳೆ ಹುಡುಕಿ ಹುಡುಕಿ ಹಿಸನೊಳ ಬೆರಳ ತುದಿಗಳು ಬೆಂದು ಬಿಳಚಿಕೊಂಡವು. ಎರಡು ವರ್ಷ ಕಳೆಯುವಷ್ಟರಲ್ಲಿ ಅವಳು ತೆಗೆದ ನೂಲನ್ನು ವ್ಯಾಪಾರಿ ಬೇರೆಯಾಗಿಯೇ ಕಟ್ಟಿಸಿಕೊಂಡು ಹೋಗತೊಡಗಿದ. ಇಶಿ ಅದನ್ನು ನೋಡಿದಳು, ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಹೊಗಳಿದರೆ ಸೊಸೆ ಕೆಡುತ್ತಾಳೆ ಎಂಬುದು ಅವಳ ಲೆಕ್ಕ.

ಗಂಡ ಮನ್ಸಾಕು ಯುದ್ಧಕ್ಕೆ ಹೋದಾಗ ಮಗಳು ಫುಸಾಗೆ ಇನ್ನೂ ನಡೆಯಲು ಬರುತ್ತಿರಲಿಲ್ಲ. ಅವನು ದಕ್ಷಿಣದ ಯಾವುದೋ ದ್ವೀಪದಲ್ಲಿ ಸತ್ತ. ಬಿಳಿ ಬಟ್ಟೆ ಸುತ್ತಿದ ಒಂದು ಪೆಟ್ಟಿಗೆ ಮನೆಗೆ ಬಂತು. ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆ ಅಸ್ಥಿಯ ಬದಲು ಒಂದು ಕಲ್ಲು. ಊರಿನ ಹೆಂಗಸರು ಇಂಥ ಕಲ್ಲನ್ನು ಎದೆಗೊತ್ತಿಕೊಂಡು ಅಳುವುದನ್ನು ಹಿಸನೊ ನೋಡಿದ್ದಳು. ಅವಳು ಅಳಲಿಲ್ಲವೆಂದಲ್ಲ. ಆದರೆ ಮೊದಲು ಹಿತ್ತಲಿಗೆ ಹೋಗಿ ಕಲ್ಲನ್ನು ಹಿಪ್ಪುನೇರಳೆ ತೋಟದೊಳಕ್ಕೆ ಬೀಸಿ ಎಸೆದಳು. "ಕಳ್ಸೋದಾದ್ರೆ ಗಂಡನ್ನ ಕಳಿಸ್ಲಿ, ಇಲ್ಲ ಬರಿಗೈಲಿ ಬರ್ಲಿ. ಯಾವ್ದೋ ಹೊಳೆಯ ಕಲ್ಲನ್ನ ನಾನು ಪೂಜೆ ಮಾಡಲ್ಲ" ಅಂದಳು. ಪೆಟ್ಟಿಗೆ ತಂದ ಗುಮಾಸ್ತ ಕಣ್ಣುಕಣ್ಣು ಬಿಟ್ಟ. ಇಶಿ ಬೈಯಲಿಲ್ಲ. ಅವಳೂ ಅವತ್ತು ಮಗನನ್ನು ಕಳೆದುಕೊಂಡಿದ್ದಳು.

ಯುದ್ಧ ಮುಗಿದು ಐದು ಚಳಿಗಾಲ ಕಳೆದವು. ಫುಸಾಗೆ ಎಂಟು ತುಂಬಿತು. ಸತ್ತವನ ತಮ್ಮ ಸೇಕಿಚಿಗೆ ಇಪ್ಪತ್ತೆರಡಾಯಿತು. ಆಗ ಇಶಿಯ ತಲೆಯಲ್ಲಿ ಒಂದು ಯೋಚನೆ ಬಂತು. ಬಂದದ್ದು ಅವಳೊಬ್ಬಳ ತಲೆಯಲ್ಲೇನೂ ಅಲ್ಲ. ಆ ವರ್ಷಗಳಲ್ಲಿ ಎಷ್ಟೋ ಮನೆಗಳಲ್ಲಿ ಸತ್ತ ಅಣ್ಣನ ಹೆಂಡತಿಯನ್ನು ತಮ್ಮನಿಗೇ ಕಟ್ಟುತ್ತಿದ್ದರು. ಮನೆಯೂ ಒಡೆಯುವುದಿಲ್ಲ, ಹೊಲವೂ ಹೋಗುವುದಿಲ್ಲ, ದುಡಿಯುವ ಕೈಯೂ ತಪ್ಪುವುದಿಲ್ಲ. ಎಲ್ಲರಿಗೂ ಅನುಕೂಲ. ಅವಳಿಗೆ ಅನುಕೂಲವೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಒಂದು ಬೆಳಗ್ಗೆ ರಾಟೆಯ ಪಕ್ಕ ಬಂದು ಕೂತ ಇಶಿ, ಗೂಡು ಬೇಯುವ ನೀರಿನ ಕಡೆ ನೋಡುತ್ತಾ ಹೇಳಿದಳು:

"ನಿನ್ನನ್ನ ಸೇಕಿಚಿಗೆ ಮಾಡೋದು ಅಂತ ಮಾತಾಗಿದೆ."

"ಯಾರ ಜೊತೆ ಮಾತಾಗಿದೆ, ಅತ್ತೆ?"

"ದೊಡ್ಡಮನೆ ಭಾವನ ಜೊತೆ."

"ನನ್ನ ಜೊತೆ ಆಗಿಲ್ವಲ್ಲ."

"ಈಗ ಆಗ್ತಿದೆಯಲ್ಲ."

ಹಿಸನೊ ರಾಟೆ ನಿಲ್ಲಿಸಿದಳು. "ಅತ್ತೆ, ನಾನು ಈ ಮನೆಗೆ ಬಂದಾಗ ಅವನಿಗೆ ಹನ್ನೊಂದು. ಕುಂಡೆ ಮೇಲೆ ಕುರು ಎದ್ದಾಗ ಹಿಂಡಿ ಔಷಧಿ ಹಚ್ಚಿದೋಳು ನಾನು."

"ಈಗ ಕುರು ವಾಸಿಯಾಗಿದೆ."

"ನಾನು ಆಗಲ್ಲ ಅಂದ್ರೆ?"

"ತವರಿಗೆ ಹೋಗು. ಯಾರೂ ಕೈ ಹಿಡಿದು ಎಳೆಯಲ್ಲ." ಇಶಿ ಎದ್ದು ನಿಂತಳು. "ಫುಸಾ ಮಾತ್ರ ಈ ಮನೆ ಮಗು. ಅದು ಇಲ್ಲೇ ಇರುತ್ತೆ."

ಅಷ್ಟೇ ಮಾತು. ಇಶಿ ಹೋದ ಮೇಲೆ ಹಿಸನೊ ನೀರಿಗೆ ಬೆರಳದ್ದಿದಳು. ಬಿಸಿ ತಿಳಿಯಲಿಲ್ಲ. ಸೇಕಿಚಿ ಕೆಟ್ಟವನಲ್ಲ, ಅದು ಅವಳಿಗೂ ಗೊತ್ತು. ಸತ್ತ ಗಂಡನ ನೆನಪಿನಲ್ಲಿ ಬದುಕು ಸವೆಸುತ್ತೇನೆ ಎಂಬ ವ್ರತವನ್ನೂ ಅವಳು ತೊಟ್ಟಿರಲಿಲ್ಲ. ಆದರೆ ಅಣ್ಣನ ಕೋಟನ್ನು ಕತ್ತರಿಸಿ ತಮ್ಮನಿಗೆ ಹೊಲಿಯುವ ಹಾಗೆ ತನ್ನನ್ನು ಎತ್ತಿ ಕೊಡುತ್ತಾರಲ್ಲ, ಅದಕ್ಕೆ ಅವಳ ಮೈಯೆಲ್ಲ ಉರಿಯಿತು. ಒಪ್ಪಿದರೆ ತಾನು ಕೋಟು. ಒಪ್ಪದಿದ್ದರೆ ಮಗಳು ಇಲ್ಲ. ಮೂರನೆಯ ದಾರಿಯನ್ನು ಯಾರೂ ಅವಳ ಮುಂದೆ ಇಟ್ಟಿರಲಿಲ್ಲ.

ಸೇಕಿಚಿಯನ್ನೇ ಕೇಳಿ ನೋಡೋಣವೆಂದು ಅವನು ಹಿಪ್ಪುನೇರಳೆ ಸವರುತ್ತಿದ್ದಲ್ಲಿಗೆ ಹೋದಳು. "ನಿಂಗೇನನ್ಸುತ್ತೆ?" ಎಂದಳು. ಅವನು ತನ್ನ ಚಪ್ಪಲಿಯ ಹುಲ್ಲುದಾರವನ್ನು ಬಹಳ ಹೊತ್ತು ಪರೀಕ್ಷೆ ಮಾಡಿದ. "ಅಮ್ಮ ಹೇಳಿದ್ಮೇಲೆ..." ಎಂದ. ಮತ್ತೆ ಸವರಲು ಬಗ್ಗಿದ. ಇವನಿಂದ ಆಗುವುದು ಹೋಗುವುದು ಏನೂ ಇಲ್ಲವೆಂದು ಹಿಸನೊ ವಾಪಸು ಬಂದಳು.

ದಿನ ಗೊತ್ತಾಯಿತು. ದೊಡ್ಡಮನೆಯ ಗೆಂಪಾಚಿ, ಎಂದರೆ ಯಸೊಜಿಯ ಅಣ್ಣ, ಹೆಂಡತಿಯ ಜೊತೆ ಮಧ್ಯಾಹ್ನಕ್ಕೆ ಬರುವುದು. ಊಟ ಮಾಡುವುದು. ಆಮೇಲೆ ಗಂಡು ಹೆಣ್ಣು ಒಂದೇ ಬಟ್ಟಲಿನಿಂದ ಸಾಕೆ, ಎಂದರೆ ಅಕ್ಕಿಯ ಹೆಂಡ, ಕುಡಿಯುವುದು. ಅಲ್ಲಿಗೆ ಮದುವೆಯಾದ ಹಾಗೆ. ಎರಡನೆಯ ಸಲದ ಮದುವೆಗೆ ಅದಕ್ಕಿಂತ ಹೆಚ್ಚಿನ ಆಡಂಬರ ಯಾರಿಗೆ ಬೇಕು? ಊಟಕ್ಕೆ ಉದೊನ್ ಆಗಬೇಕೆಂದು ಇಶಿ ಹೇಳಿದಳು. ಅದನ್ನು ಹೇಳಬೇಕಾದ್ದೇ ಇರಲಿಲ್ಲ. ನಮ್ಮ ಕಡೆ ಮದುವೆಯೋ ಹಬ್ಬವೋ ಆದರೆ ಉದೊನ್. ಗೋಧಿಹಿಟ್ಟಿಗೆ ಉಪ್ಪುನೀರು ಹಾಕಿ ಗಟ್ಟಿಯಾಗಿ ಕಲಸಿ, ತುಳಿದು, ಲಟ್ಟಿಸಿ, ಎಳೆ ಕತ್ತರಿಸಿ, ಬೇಯಿಸಿ, ಬಾವಿಯ ತಣ್ಣೀರಿನಲ್ಲಿ ತೊಳೆದು ಬುಟ್ಟಿಯಲ್ಲಿ ಸುರುಳಿ ಸುರುಳಿಯಾಗಿ ಜೋಡಿಸಿ ನೆಂಟರ ಮುಂದೆ ಇಡುವುದು. ಒಕ್ಕಿರಿಕೋಮಿ ಹಾಗಲ್ಲ. ಅದು ದಿನದಿನದ ಊಟ, ಮನೆಯವರದು. ಹಿಟ್ಟಿಗೆ ಉಪ್ಪೇ ಇಲ್ಲ. ಅಗಲವಾದ ಎಳೆಗಳನ್ನು ಮೈಗಂಟಿದ ಹಿಟ್ಟಿನ ಸಮೇತ ಹಸಿಯಾಗಿಯೇ ತರಕಾರಿ ಸಾರಿಗೆ ಹಾಕುವುದು. ಸಾರಿನ ಉಪ್ಪನ್ನೇ ಅದು ಹೀರಬೇಕು, ಸಾರೂ ಅದರ ಹಿಟ್ಟಿನಿಂದಲೇ ಮಂದವಾಗಬೇಕು. ದುಡಿದು ಬಂದವರು ನಡುಮನೆಯ ನೆಲದಲ್ಲಿರುವ ಒಲೆಗುಂಡಿಯ ಸುತ್ತ ಕೂತು ಉಫ್ ಉಫ್ ಎಂದು ಊದಿಕೊಂಡು ತಿನ್ನುವ ಊಟ ಅದು. ಮದುವೆಗೆ ಬಂದವರ ಮುಂದೆ ಅದನ್ನಿಟ್ಟರೆ, ಈ ಮನೆಯಲ್ಲಿ ಇವತ್ತು ವಿಶೇಷವೇನೂ ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಂತೆ.

ಅವತ್ತು ಬೆಳಗ್ಗೆ ಹಿಸನೊ ಹಿಟ್ಟಿನ ಮರಿಗೆಯ ಮುಂದೆ ಕೂತಳು. ಉಪ್ಪಿನ ಬಟ್ಟಲನ್ನು ಇಶಿಯೇ ತಂದಿಟ್ಟು ತಲೆ ಬಾಚಿಕೊಳ್ಳಲು ಒಳಗೆ ಹೋಗಿದ್ದಳು. ಹಿಸನೊ ಆ ಬಟ್ಟಲನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅದನ್ನೆತ್ತಿ ಮೇಲಿನ ಹಲಗೆಯ ಮೇಲಿಟ್ಟಳು. ಬರೀ ನೀರು ಹಾಕಿ ಹಿಟ್ಟು ಕಲಸತೊಡಗಿದಳು. ಮುದುಕಿಯಾದ ಮೇಲೆ ಯಾರಾದರೂ ಕೇಳಿದರೆ "ಗಡಿಬಿಡಿಲಿ ಮರ್ತೆ" ಎನ್ನುತ್ತಿದ್ದಳು. ಅದು ಶುದ್ಧ ಸುಳ್ಳು. ಆ ಹೊತ್ತು ಅವಳಷ್ಟು ನಿಧಾನವಾಗಿ ಈ ಸೀಮೆಯಲ್ಲಿ ಯಾರೂ ಹಿಟ್ಟು ಕಲಸಿರಲಿಕ್ಕಿಲ್ಲ.

ಮುದ್ದೆಯನ್ನು ಬಟ್ಟೆಯಲ್ಲಿ ಸುತ್ತಿ ಚಾಪೆಯಡಿಯಿಟ್ಟು ಫುಸಾಳನ್ನು ತುಳಿಯಲು ನಿಲ್ಲಿಸಿದಳು. ಹಬ್ಬಕ್ಕೆಲ್ಲ ತುಳಿದು ಗೊತ್ತಿದ್ದ ಮಗು ನಾಲ್ಕು ಹೆಜ್ಜೆ ಹಾಕಿ ನಿಂತಿತು.

"ಅಮ್ಮ, ಇವತ್ತು ಹಿಟ್ಟು ಮೆತ್ತಗಿದೆ."

"ಮೆತ್ತಗೇ ಇರ್ಲಿ."

"ಉಪ್ಪು ಹಾಕಿಲ್ವಾ?"

"ಬಾಯಿ ಮುಚ್ಕೊಂಡು ತುಳಿ."

ಫುಸಾ ಬಾಯಿ ಮುಚ್ಚಿಕೊಂಡು ತುಳಿದಳು. ಉಪ್ಪಿಲ್ಲದ ಹಿಟ್ಟಿನಿಂದ ಉದೊನ್ ಮಾಡಲು ದೇವರಿಂದಲೂ ಆಗದು. ಬೆಂದ ಮೇಲೆ ತೊಳೆಯಲು ಹೋದರೆ ಕೈಯಲ್ಲೇ ಕರಗಿ ಅಂಬಲಿಯಾಗುತ್ತದೆ. ಕಲಸಿದ ಮುದ್ದೆಗೆ ಮತ್ತೆ ಉಪ್ಪು ಸೇರಿಸಲೂ ಬರುವುದಿಲ್ಲ. ಮನೆಯಲ್ಲಿ ಬೇರೆ ಗೋಧಿಹಿಟ್ಟೂ ಇರಲಿಲ್ಲ. ಅಲ್ಲಿಗೆ ಮುಗಿದಿತ್ತು, ಆದರೆ ಅದು ತಾಯಿ ಮಗಳಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಗೆಂಪಾಚಿ ಬಂದ. ಅಸಾಮಾ ಬೆಟ್ಟದ ಕಡೆಯಿಂದ ಬೀಸುವ ಒಣಗಾಳಿ ಅವನನ್ನು ಬಾಗಿಲಿನಿಂದ ಒಳಕ್ಕೆ ನೂಕಿದ ಹಾಗಿತ್ತು. ದಪ್ಪ ಮನುಷ್ಯ, ದಪ್ಪ ಧ್ವನಿ. ಬಂದವನೇ ಒಲೆಗುಂಡಿಯ ಪಕ್ಕ ಯಜಮಾನ ಕೂರುವ ಜಾಗದಲ್ಲಿ ಕೂತ. ಯಸೊಜಿ ಏನೂ ಅನ್ನದೆ ಪಕ್ಕಕ್ಕೆ ಸರಿದ. ಗೆಂಪಾಚಿಯ ಹೆಂಡತಿ ಕೈ ಕಾಯಿಸಿಕೊಳ್ಳುತ್ತಾ ಕೂತಳು. ಸೇಕಿಚಿಗೆ ಅಣ್ಣನ ಕಪ್ಪು ನಿಲುವಂಗಿ ಹಾಕಿಸಿದ್ದರು. ತೋಳು ಉದ್ದವಾಗಿ ಬೆರಳು ಕಾಣುತ್ತಿರಲಿಲ್ಲ. ಮೂಲೆಯಲ್ಲಿ ತಟ್ಟೆಯ ಮೇಲೆ ಕೆಂಪು ಸಾಕೆ ಬಟ್ಟಲು ಇಟ್ಟಿತ್ತು.

ಹಿಸನೊ ಅಡುಗೆ ಕಟ್ಟೆಯಿಂದ ದೊಡ್ಡ ಕಬ್ಬಿಣದ ಪಾತ್ರೆಯನ್ನು ಎರಡು ಕೈಯಲ್ಲಿ ಎತ್ತಿ ತಂದು ಒಲೆಗುಂಡಿಯ ಮೇಲಿನ ಕೊಕ್ಕೆಗೆ ತೂಗು ಹಾಕಿದಳು. ಇಶಿ ಇಣುಕಿದಳು. ಬಿಸಿನೀರಿರಬೇಕಾದ ಕಡೆ ಮೂಲಂಗಿ, ಕೆಸುವಿನ ಗಡ್ಡೆ, ಕುಂಬಳ, ದಪ್ಪ ಈರುಳ್ಳಿ ದಂಟು. ಸೋಯಾಕಾಳು ಅರೆದು ಹುದುಗಿಸಿದ ಮನೆಯ ಮಿಸೊ ಕದಡಿದ ಸಾರು ಆಗಲೇ ಕೊತಕೊತ ಎನ್ನುತ್ತಿತ್ತು.

"ಇದೇನು?"

"ಊಟ, ಅತ್ತೆ."

"ಉದೊನ್ ಬೇಯ್ಸೋ ನೀರೆಲ್ಲಿ?"

"ಬೇಕಾಗಲ್ಲ."

ಇಶಿ ಸರಸರನೆ ಎದ್ದು ಹೋಗಿ ಹಲಗೆಯ ಮೇಲೆ ಲಟ್ಟಿಸಿಟ್ಟ ಹಾಳೆಯಿಂದ ಒಂದು ಚೂರು ಕಿತ್ತು ನಾಲಗೆಯ ಮೇಲಿಟ್ಟುಕೊಂಡಳು. ಅವಳ ಮುಖ ಒಂದು ಕ್ಷಣ ಕಲ್ಲಾಯಿತು. ಆ ಚೂರನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ. ಹಿಸನೊ ಅವಳ ಪಕ್ಕದಿಂದಲೇ ಕೈ ಚಾಚಿ, ಹಾಳೆ ಸುತ್ತಿದ ಲಟ್ಟಣಿಗೆಯನ್ನು ಎತ್ತಿಕೊಂಡು ಬಂದು ಪಾತ್ರೆಯ ಪಕ್ಕ ಮಂಡಿಯೂರಿದಳು. ಲಟ್ಟಣಿಗೆಯ ಉದ್ದಕ್ಕೂ ಚಾಕು ಎಳೆದಳು. ಹಾಳೆ ಬಿಚ್ಚಿಕೊಂಡು ಪಟ್ಟಿಪಟ್ಟಿಯಾಗಿ ಬಿತ್ತು. ಅದನ್ನು ಮತ್ತೆ ಅಗಲಗಲವಾಗಿ ಕೊಯ್ದು, ಹಿಟ್ಟು ಕೊಡವದೆ, ಹಿಡಿಹಿಡಿಯಾಗಿ ಸಾರಿಗೆ ಹಾಕಿದಳು. ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು. ಒಂದು ಎಳೆಯೂ ಹೊರಗೆ ಬೀಳಲಿಲ್ಲ.

ಗೆಂಪಾಚಿ ಗಂಟಲು ಸರಿಮಾಡಿಕೊಂಡ. "ಇಶಿ, ನಿನ್ನ ಮನೇಲಿ ಮದುವೆಗೆ ಬಂದೋರಿಗೆ ಒಕ್ಕಿರಿಕೋಮಿ ಹಾಕೋ ಪದ್ಧತಿ ಯಾವಾಗಿಂದ?"

ಉತ್ತರ ಕೊಟ್ಟದ್ದು ಹಿಸನೊ. "ಮದುವೆಗೆ ಬಂದೋರಿಗೆ ಹಾಕಲ್ಲ, ದೊಡ್ಡಮಾವ. ಇವತ್ತು ನೀವು ಸುಮ್ನೆ ಬಂದಿದೀರಿ. ಗಾಳಿ ಬೇರೆ ಜೋರಾಗಿದೆ. ಬಿಸಿಬಿಸಿ ತಿಂದು ಹೋಗಿ."

ಗೆಂಪಾಚಿಯ ಹೆಂಡತಿ ಮೂಗಿನಲ್ಲಿ ನಕ್ಕು, ಗಂಡ ನೋಡಿದೊಡನೆ ಕೆಮ್ಮಿದಳು.

ಮುಂದೆ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಎದ್ದು ಹೋಗೋಣವೆಂದರೆ ಹೊರಗೆ ಗಾಳಿ ಚರ್ಮ ಸುಲಿಯುತ್ತಿದೆ. ಕೂರೋಣವೆಂದರೆ ಅವಮಾನ. ಅಷ್ಟರಲ್ಲಿ ಸಾರು ಮಂದವಾಗಿ, ಕೆಸುವಿನ ಗಡ್ಡೆ ಮೆತ್ತಗಾಗಿ, ಮಿಸೊವಿನ ಘಮ ಮನೆಯೆಲ್ಲ ತುಂಬಿತು. ಮೊದಲು ಸೋತವನು ಯಸೊಜಿ. ಬಟ್ಟಲು ಮುಂದೆ ಚಾಚಿ, "ಇಷ್ಟೊತ್ಗೆ ಬೆಂದಿರಬೇಕಲ್ಲ" ಎಂದ. ಹಿಸನೊ ಬಡಿಸಿದಳು. ಗೆಂಪಾಚಿಯ ಹೆಂಡತಿಗೂ ಬಡಿಸಿದಳು. ಗೆಂಪಾಚಿ ಬೇಡವೆನ್ನಲು ಬಾಯಿ ತೆರೆದ, ಬಟ್ಟಲು ಆಗಲೇ ಅವನ ಕೈಯಲ್ಲಿತ್ತು. ಬಿಸಿ ಬಟ್ಟಲು ಕೈಗೆ ಬಂದ ಮೇಲೆ ಅಂಥ ಚಳಿಯಲ್ಲಿ ಕೆಳಗಿಡುವ ಗಂಡಸು ಇನ್ನೂ ಹುಟ್ಟಿಲ್ಲ. ಆಮೇಲೆ ಸ್ವಲ್ಪ ಹೊತ್ತು ಮನೆಯಲ್ಲಿ ಸುರ್ ಸುರ್ ಎಂಬ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಕುಂಬಳ ಕರಗಿ ಸಾರಿಗೆ ಸಿಹಿ ಬಿಟ್ಟಿತ್ತು. ಅಗಲದ ಎಳೆಗಳು ಗಂಟಲಲ್ಲಿ ಜಾರಿ ಹೊಟ್ಟೆಯವರೆಗೂ ಬೆಚ್ಚಗೆ ಇಳಿಯುತ್ತಿದ್ದವು. ಫುಸಾ ಮೂಗಿನ ಮೇಲೆ ಬೆವರು ಬರಿಸಿಕೊಂಡು ತಿಂದಳು. ಹಿಸನೊ ಸೌದೆ ಇಡುವ ಕಡೆ, ಹೊಗೆ ಬರುವ ಸೊಸೆಯ ಮೂಲೆಯಲ್ಲಿ ಕೂತು ತಾನೂ ತುಂಬಾ ಬಡಿಸಿಕೊಂಡಳು. ಬೆಳಗ್ಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ತಾನು ಮಾಡಿದ ಊಟ ಅವಳಿಗೆ ಅಷ್ಟು ರುಚಿಸಿದ್ದು ಅದೇ ಮೊದಲು. ಇಶಿಯೊಬ್ಬಳು ಬಟ್ಟಲು ಮುಟ್ಟಲಿಲ್ಲ.

ಬೆಳಗ್ಗಿನಿಂದ ಬಾಯಿ ಬಿಡದ ಸೇಕಿಚಿ ಖಾಲಿ ಬಟ್ಟಲು ಚಾಚಿದ.

"ಅತ್ತಿಗೆ, ಇನ್ನೊಂದು ಸೌಟು ಹಾಕಿ."

ಗೆಂಪಾಚಿ ಊಟದ ಕಡ್ಡಿಗಳನ್ನು ಕೆಳಗೆ ಕುಕ್ಕಿದ. "ಏನಂತ ಕರ್ದೆ? ಕಟ್ಕೊಳ್ಳೋ ಹೆಂಡ್ತೀನ ಅತ್ತಿಗೆ ಅಂತಾರೇನೋ, ದಡ್ಡ?"

ಸೇಕಿಚಿ ಉದ್ದ ತೋಳಿನೊಳಗೆ ಬೆರಳು ಎಳೆದುಕೊಂಡ. ಕಿವಿ ಕೆಂಪಾಯಿತು. "ನಂಗೆ ಬೇರೆ ಏನೂ ಕರಿಯೋಕೆ ಬರಲ್ಲ, ದೊಡ್ಡಪ್ಪ" ಎಂದ.

ಹಿಸನೊ ಅವನ ಬಟ್ಟಲು ತುಂಬಿದಳು. ಇವನಿಂದ ಏನೂ ಆಗದು ಅಂದುಕೊಂಡಿದ್ದೆನಲ್ಲ ಎಂದು ಅವಳಿಗೆ ಅನಿಸಿತು.

"ಸರಿ ಹಾಗಾದ್ರೆ" ಎಂದು ಗೆಂಪಾಚಿ ಮೊಣಕಾಲ ಮೇಲೆ ಕೈಯೂರಿದ. ಹೊಟ್ಟೆ ತುಂಬಿ ಕೋಪಕ್ಕೆ ಬಲ ಬಂದಿತ್ತು. "ರೇಡಿಯೋದಲ್ಲಿ ಹೆಣ್ಣು ಒಪ್ಪದೆ ಮದುವೆಯಿಲ್ಲ, ಹೊಸ ಕಾನೂನು ಗೀನೂನು ಅಂತ ಹೇಳಿದ್ದನ್ನ ಕೇಳಿ ತಲೆ ತಿರುಗಿದೆ ಇವಳಿಗೆ. ಅದೆಲ್ಲ ಪಟ್ಟಣದೋರಿಗೆ. ಮದುವೆ ಬೇಡ್ವಾ? ಮಗು ಬಿಟ್ಟು ಇವತ್ತೇ ಗಂಟು ಕಟ್ಲಿ."

"ಕಾನೂನು ನಂಗೊತ್ತಿಲ್ಲ" ಎಂದಳು ಹಿಸನೊ. ಸೌಟು ಇನ್ನೂ ಅವಳ ಕೈಯಲ್ಲಿತ್ತು. "ಆದ್ರೆ ಮದುವೆ ಆಗಲ್ಲ. ಗಂಟು ಕಟ್ಟಲ್ಲ. ಮಗೂನೂ ಬಿಡಲ್ಲ. ಎಳ್ಕೊಂಡ್ಹೋಗಿ ಹೊರಗೆ ಹಾಕ್ತೀರಾ? ಹಾಕಿ. ಸಂಜೆಗೆ ವಾಪಸ್ ಬಂದು ಇದೇ ಹೊಗೆ ಮೂಲೇಲಿ ಕೂರ್ತೀನಿ. ನಾಳೆ ಹಾಕಿ, ನಾಳೆ ಸಂಜೇನೂ ಬರ್ತೀನಿ. ನಿಮಗೆ ಬೇರೆ ಕೆಲಸ ಇದ್ರೆ ನೋಡ್ಕೊಳ್ಳಿ, ನಂಗಂತೂ ಇದೇ ಕೆಲಸ."

"ಯಸೊಜಿ, ನೀನು ಗಂಡಸಾ?" ಎಂದು ಗೆಂಪಾಚಿ ತಮ್ಮನ ಕಡೆ ತಿರುಗಿದ. ಯಸೊಜಿ ಬಟ್ಟಲಿನ ತಳದ ಸಾರನ್ನು ಮುಖ ಮುಚ್ಚುವ ಹಾಗೆ ಎತ್ತಿ ಕುಡಿಯುತ್ತಿದ್ದ. ಕುಡಿದು ಮುಗಿಸುವ ಆತುರ ಅವನಿಗಿರಲಿಲ್ಲ. ಗೆಂಪಾಚಿ ಸೇಕಿಚಿಗೆ ಗದರಿದ: "ಏಳೋ. ಒಳಗೆ ಹೋಗಿ ಇವಳ ಬಟ್ಟೆ ತಂದು ಬಾಗ್ಲಾಚೆ ಬಿಸಾಕು."

ಸೇಕಿಚಿ ಅಲ್ಲಾಡಲಿಲ್ಲ. ಫುಸಾ ತಾಯಿಯ ನಿಲುವಂಗಿಯ ಅಂಚು ಹಿಡಿದುಕೊಂಡಳು. ಆಗ ಇಶಿ ಮಾತಾಡಿದಳು.

"ಭಾವ."

ಮೆಲ್ಲಗೆ ಅಂದದ್ದೇ, ಆದರೂ ಗೆಂಪಾಚಿ ತಿರುಗಿ ನೋಡಿದ.

"ಈ ಮನೆ ಸೊಸೇನ ಒಳಗಿಟ್ಕೊಳ್ಳೋದು, ಹೊರಗೆ ಹಾಕೋದು ನಂಗೆ ಬಿಟ್ಟಿದ್ದು. ದೊಡ್ಡಮನೆ ಸೊಸೆಯಂದಿರನ್ನ ನೀವು ನೋಡ್ಕೊಳ್ಳಿ."

"ನೀನೇ ಅಲ್ವಾ ನನ್ನ ಕರೆಸಿದ್ದು?"

"ಹೌದು, ಊಟಕ್ಕೆ ಕರೆಸಿದೆ. ತಿಂದಾಯ್ತಲ್ಲ."

ಗೆಂಪಾಚಿ ಎದ್ದ. ಅವನ ಹೆಂಡತಿ ಹೊರಡುವಾಗ ಹಿಸನೊಳ ಹತ್ತಿರ ಬಗ್ಗಿ, "ಕುಂಬಳ ಚೆನ್ನಾಗಿ ಬೆಂದಿತ್ತು" ಎಂದು ಹೇಳಿ ಗಂಡನ ಹಿಂದೆ ಓಡಿದಳು. ಬಾಗಿಲು ತೆರೆದಾಗ ಒಳಗೆ ನುಗ್ಗಿದ ಗಾಳಿ ಒಲೆಯ ಬೂದಿಯನ್ನೆಲ್ಲ ಎಬ್ಬಿಸಿತು. ಯಸೊಜಿ ಹೋಗಿ ಬಾಗಿಲೆಳೆದು ಅಗುಳಿ ಹಾಕಿ ಬಂದು ತನ್ನ ಜಾಗದಲ್ಲಿ ಕೂತ.

ಹಿಸನೊ ಪಾತ್ರೆಗಳನ್ನೆತ್ತಿಕೊಂಡು ಬಾವಿಯ ಹತ್ತಿರ ಹೋದಳು. ಬಾವಿಕಟ್ಟೆಗೆ ಒರಗಿ ನಿಂತಳು. ಹಿಂದೆಯೇ ಇಶಿ ಬಂದಳು. ಅತ್ತೆ ಈಗ ಏನು ಹೇಳುತ್ತಾಳೋ ಅದೇ ಕೊನೆಯ ಮಾತು ಎಂದು ಹಿಸನೊಗೆ ಗೊತ್ತಿತ್ತು. ದೊಡ್ಡಮನೆಯವನ ಎದುರು ಸೊಸೆಯನ್ನು ಬಿಟ್ಟುಕೊಡಲಿಲ್ಲ ಎಂದ ಮಾತ್ರಕ್ಕೆ ಮನೆಯೊಳಗೆ ಇಟ್ಟುಕೊಳ್ಳುತ್ತಾಳೆ ಎಂದೇನೂ ಅಲ್ಲ.

"ನನ್ನ ಮುಖಕ್ಕೆ ಮಸಿ ಬಳಿದೆ" ಎಂದಳು ಇಶಿ.

"ಬಳಿದೆ" ಎಂದಳು ಹಿಸನೊ.

"ನಾಳೆ ಊರೆಲ್ಲ ಇದೇ ಮಾತು."

"ಆಡ್ಲಿ."

ಇಶಿ ಬಟ್ಟಲೊಂದನ್ನು ಎತ್ತಿಕೊಂಡು ಬೂದಿ ಹಾಕಿ ಉಜ್ಜತೊಡಗಿದಳು. ಸೊಸೆ ಬಂದ ಮೇಲೆ ಅವಳು ಪಾತ್ರೆ ಮುಟ್ಟಿರಲಿಲ್ಲ. ಉಜ್ಜಿದ್ದನ್ನೇ ಉಜ್ಜುತ್ತಾ, ಬಟ್ಟಲಿನ ಕಡೆ ನೋಡುತ್ತಾ ಹೇಳಿದಳು:

"ನೀನಿನ್ನೂ ಚಿಕ್ಕೋಳು. ಇವತ್ತಲ್ಲ ನಾಳೆ ಯಾರನ್ನೋ ಕಟ್ಕೊಂಡು ಹೋಗ್ಬಿಡ್ತೀಯ ಅಂತ ಹೆದರಿಕೆ ಆಯ್ತು. ಹಿರೀಮಗ ಹೋದ. ನೀನೂ ಹೋದ್ರೆ ಈ ಮನೇಲಿ ನಂಗೆ ಯಾರಿದಾರೆ? ಆ ಇಬ್ರು ಗಂಡಸ್ರಾ?"

ಹಿಸನೊ ಇದನ್ನು ನಿರೀಕ್ಷಿಸಿರಲಿಲ್ಲ. ಅವಳಿಗೆ ಅಳುವೂ ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಅದಕ್ಕೆ ನಂಗೆ ಇನ್ನೊಂದು ಗಂಡನ್ನ ಕಟ್ಬೇಕಾಗಿತ್ತಾ ಅತ್ತೆ? ಮಗಳನ್ನ ಕಿತ್ಕೊತೀನಿ ಅನ್ಬೇಕಾಗಿತ್ತಾ? ಇರು ಅಂತ ಒಂದು ಮಾತು ಕೇಳಿದ್ರೆ ಇರ್ತಿದ್ದೆ."

ಇಶಿ ಉಜ್ಜುವುದನ್ನು ನಿಲ್ಲಿಸಿದಳು. ಅವಳು ಹೊಗಳದೆ ಬದುಕಿದ್ದಳು. ಯಾರನ್ನೂ ಏನನ್ನೂ ಕೇಳದೆಯೂ ಬದುಕಿದ್ದಳು.

"ಈಗ ಕೇಳ್ಲಾ?"

"ಬೇಡ" ಎಂದಳು ಹಿಸನೊ, ಅತ್ತೆಯ ಕೈಯಿಂದ ಬಟ್ಟಲು ತೆಗೆದುಕೊಳ್ಳುತ್ತಾ. "ಈಗ ನೀವು ಕೇಳೋದೇನಿಲ್ಲ. ಇರ್ತೀನಿ ಅಂತ ನಾನೇ ಹೇಳಿ ಆಗಿದೆ."